ನರದ ಗುಳಿಗಿ: ಹತ್ತಿಸಿದವರು ಇಳಿಸುವುದನ್ನೂ ಹೇಳಬೇಕು

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಮುಂಜಾನೆ ಬೆಳಗಾವಿ ಗಾಡಿಗೆ ಕಾದು ನಿಂತವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಸಾಕು, ಈ ಭಾಗದ ಜನರ ಆರೋಗ್ಯದ ಜಾತಕ ತಿಳಿದುಬಿಡುತ್ತದೆ. "ಅಂಗಾಲು ಉರಿತಾವ್ರೀ, ರಾತ್ರಿ ಹಾಸಗಿ ಮ್ಯಾಲ ಕಾಲಿಡಾಕ ಆಗೂದಿಲ್ಲ" ಎನ್ನುತ್ತಾನೆ ಒಬ್ಬ. "ನನಗ ಇರಿವಿ ಹರದಂಗ ಜುಮು ಜುಮು ಅಂತೈತಿ" ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನು ಹೆಚ್ಚು ಮಾತಾಡದೆ ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸುತ್ತಾನೆ. "ಇದನ್ನ ತಗೋರಿ. ನರದ ಗುಳಿಗಿ. ಎರಡು ವರ್ಷ ಆತು, ದಿನಾ ನುಂಗಾಕತ್ತೇನಿ."

ಎರಡು ವರ್ಷ! ಎಷ್ಟು ದಿನಕ್ಕೆಂದು ವೈದ್ಯರು ಬರೆದುಕೊಟ್ಟಿದ್ದರು? ಚೀಟಿ ಎಲ್ಲಿದೆ? ನಡುವೆ ಯಾರಾದರೂ ಮತ್ತೆ ತಪಾಸಣೆ ಮಾಡಿದರೇ? ಈ ಪ್ರಶ್ನೆಗಳಿಗೆ ಉತ್ತರ ಬರುವುದರೊಳಗೆ ಗಾಡಿ ಬಂದಿರುತ್ತದೆ, ಎಲ್ಲರೂ ಹತ್ತಿ ಹೋಗಿರುತ್ತಾರೆ.

ಇದು ಬೈಲಹೊಂಗಲ ಒಂದರ ಮಾತಲ್ಲ. ಕಿತ್ತೂರಿನ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ, ಸವದತ್ತಿಯ ಪೇಟೆಯಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ ಇದೇ ಮಾತು, ಇದೇ ಪಟ್ಟಿ. ದಿನವಿಡೀ ಗಲ್ಲೆಯ ಮೇಲೆ ಕುಳಿತ ವ್ಯಾಪಾರಿ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ, ಕಬ್ಬು ಕಡಿಯುವ ಕೂಲಿ, ಚೀಲ ಹೊರುವ ಹಮಾಲ, ಇವರಲ್ಲಿ ಸಕ್ಕರೆ ಕಾಯಿಲೆಯೋ ನಡುನೋವೋ ಇಲ್ಲದ ಮನೆ ಹುಡುಕುವುದು ಸಾಸಿವೆ ತರಲು ಹೋದಂತೆಯೇ.

ಗುಳಿಗೆ ಕೆಟ್ಟದ್ದೆಂದು ಇಲ್ಲಿ ವಾದವಿಲ್ಲ. ಹತ್ತುವ ದಾರಿ ತೋರಿಸಿದವರು ಇಳಿಯುವ ದಾರಿಯನ್ನು ಯಾಕೆ ಹೇಳುತ್ತಿಲ್ಲ ಎಂಬುದಷ್ಟೇ ಪ್ರಶ್ನೆ.

ಇದು ಶಕ್ತಿಗುಳಿಗೆ ಅಲ್ಲ

ಜನ "ನರದ ಗುಳಿಗಿ" ಎಂದು ಕರೆಯುವ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬೇಕು. ಬಹಳಷ್ಟು ಪಟ್ಟಿಗಳ ಮೇಲೆ ಎರಡು ಹೆಸರು ಇರುತ್ತವೆ. ಒಂದು ಮೀಥೈಲ್‌ಕೋಬಾಲಮಿನ್. ಇದು ಬಿ-12 ಜೀವಸತ್ವ, ನಿರಪಾಯದ್ದು. ಇನ್ನೊಂದು ಪ್ರೀಗ್ಯಾಬಲಿನ್, ಇಲ್ಲವೇ ಅದರ ಅಣ್ಣ ಗ್ಯಾಬಪೆಂಟಿನ್. ಕೆಲಸ ಮಾಡುವುದೂ ಇದೇ, ತೊಂದರೆ ಕೊಡುವುದೂ ಇದೇ.

ಜೀವಸತ್ವದ ಹೆಸರು ಜೊತೆಗಿರುವುದರಿಂದ ಜನ ಇಡೀ ಗುಳಿಗೆಯನ್ನೇ ಟಾನಿಕ್ಕು ಎಂದು ತಿಳಿದಿದ್ದಾರೆ. "ನರಕ್ಕ ಶಕ್ತಿ ಬರತೈತಿ" ಎಂದು ಗಂಡ ಹೆಂಡತಿಗೆ, ಹೆಂಡತಿ ಪಕ್ಕದ ಮನೆಯವಳಿಗೆ ಎರಡೆರಡು ಹರಿದು ಕೊಡುತ್ತಾರೆ. ಟಾನಿಕ್ಕು ಆಗಿದ್ದರೆ ಬೇಕಾದಾಗ ತಗೊಂಡು ಬೇಡವಾದಾಗ ಬಿಡಬಹುದಿತ್ತು. ಇದು ಆ ಜಾತಿಯದಲ್ಲ.

ಗ್ಯಾಬಪೆಂಟಿನ್ 1993ರಲ್ಲಿ ಅಮೆರಿಕೆಯಲ್ಲಿ ಮೊದಲು ಮಂಜೂರಾದದ್ದು ಮೂರ್ಛೆರೋಗಕ್ಕೆ. ಪ್ರೀಗ್ಯಾಬಲಿನ್ ಬಂದದ್ದು 2004ರಲ್ಲಿ. ಮಿದುಳು ಮತ್ತು ಬೆನ್ನುಹುರಿಯಲ್ಲಿ ನರದಿಂದ ನರಕ್ಕೆ ಸಂದೇಶ ದಾಟುವ ಬಾಗಿಲುಗಳಿವೆಯಲ್ಲ, ಆ ಬಾಗಿಲನ್ನು ಇವು ಅರ್ಧ ಮುಂದೆ ಮಾಡುತ್ತವೆ. ಗದ್ದಲ ಕಡಿಮೆಯಾಗುತ್ತದೆ, ಉರಿ ಇಳಿಯುತ್ತದೆ. ಆದರೆ ಕೆಟ್ಟ ನರ ರಿಪೇರಿ ಆಗುವುದಿಲ್ಲ, ಸಕ್ಕರೆಯೂ ಇಳಿಯುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕೂಗುವವನ ಬಾಯಿ ಮುಚ್ಚಿದಂತೆ. ಕೂಗು ನಿಂತಿತೆಂದು ಬೆಂಕಿ ಆರಿತೆಂದುಕೊಂಡರೆ ಹೇಗೆ?

ಯಾರಿಗೆ ಗುಣ, ಯಾರಿಗೆ ಬರೀ ಖರ್ಚು

ಸಕ್ಕರೆ ಕಾಯಿಲೆಯಿಂದ ಬರುವ ಅಂಗಾಲಿನ ಉರಿಗೆ, ಸರ್ಪಸುತ್ತು ಎದ್ದು ಒಣಗಿದ ಮೇಲೆ ಉಳಿಯುವ ನೋವಿಗೆ ಪ್ರೀಗ್ಯಾಬಲಿನ್ ಉಪಯೋಗಕ್ಕೆ ಬರುತ್ತದೆ. ಅಲ್ಲಿಯೂ ಎಲ್ಲರಿಗೂ ಅಲ್ಲ. ದಿನಕ್ಕೆ 300 ಮಿಲಿಗ್ರಾಂ ತಗೊಂಡ ಹತ್ತು ಮಂದಿಯಲ್ಲಿ ಸುಮಾರು ಮೂರು ಮಂದಿಗೆ ಮಾತ್ರ ನೋವು ಅರ್ಧಕ್ಕಿಳಿಯುತ್ತದೆ ಎಂದು ಈವರೆಗಿನ ಪರೀಕ್ಷೆಗಳು ಹೇಳುತ್ತವೆ. ಆ ಮೂವರಿಗೆ ಅದು ದೇವರು ಕೊಟ್ಟ ನಿದ್ದೆ. ಉಳಿದವರು ಕೆಲವು ವಾರ ನೋಡಿ, ಗುಣ ಕಾಣದಿದ್ದರೆ ವೈದ್ಯರಿಗೆ ಹೇಳಿ ಇಳಿಸಿಕೊಳ್ಳಬೇಕು. ನಮ್ಮಲ್ಲಿ ಆಗುತ್ತಿರುವುದೇನು? ಗುಣ ಆದವನೂ ನುಂಗುತ್ತಾನೆ, ಆಗದವನೂ ನುಂಗುತ್ತಾನೆ.

ಇನ್ನು ನಡುವಿನಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು. ಹಮಾಲರಿಗೆ, ಡ್ರೈವರ್-ಕಂಡಕ್ಟರರಿಗೆ, ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಇದರ ಪರಿಚಯ ಬೇಡ. ಆಸ್ಟ್ರೇಲಿಯಾದ ಸಂಶೋಧಕರು ಇಂಥ 209 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಪ್ರೀಗ್ಯಾಬಲಿನ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಪೊಳ್ಳು ಗುಳಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂಟು ವಾರದ ಮೇಲೂ, ಒಂದು ವರ್ಷದ ಮೇಲೂ ನೋವಿನಲ್ಲಿ ಫರಕು ಕಾಣಲಿಲ್ಲ. ತಲೆಸುತ್ತು ಮೊದಲಾದ ತೊಂದರೆ ಮಾತ್ರ ನಿಜವಾದ ಗುಳಿಗೆ ನುಂಗಿದವರಲ್ಲಿ ಹೆಚ್ಚಾಯಿತು. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯು ಸಯಾಟಿಕಾಕ್ಕೆ ಈ ಗುಳಿಗೆ ಕೊಡಬೇಡಿ ಎಂದೇ ಹೇಳಿತು. ಆದರೂ "ನಡುನೋವು" ಎಂದೊಡನೆ ನಮ್ಮಲ್ಲಿ ಇದೇ ಪಟ್ಟಿ ಹೊರಬೀಳುತ್ತದೆ.

ಮತ್ತೊಂದು ಸಂಗತಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ-12 ಕಡಿಮೆಯಾಗಬಹುದು. ಬಿ-12 ಕಡಿಮೆಯಾದರೂ ಕಾಲು ಜುಮು ಜುಮು ಎನ್ನುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಅಂಥವರಿಗೆ ಬೇಕಾದದ್ದು ಬಿ-12, ಅದರ ಬೆನ್ನಿಗೆ ಕಟ್ಟಿದ ಪ್ರೀಗ್ಯಾಬಲಿನ್ ಅಲ್ಲ.

ಬಸ್ಸಿನ ಮೆಟ್ಟಿಲಿಗೆ ಕಾಲು ಸಿಗದಾಗ

ಈ ಗುಳಿಗೆಯ ಮೊದಲ ಅಡ್ಡ ಪರಿಣಾಮ ತಲೆಸುತ್ತು ಮತ್ತು ಮಂಪರು. ಊರ ಬಸ್ಸಿನ ಎತ್ತರದ ಮೆಟ್ಟಿಲು, ಜೋಲಿ ಹೊಡೆಯುವ ಗಾಡಿ, ಕೈಯಲ್ಲಿ ಚೀಲ, ಬಗಲಲ್ಲಿ ಮೊಮ್ಮಗ. ಇಂಥದರಲ್ಲಿ ಅರವತ್ತು ದಾಟಿದ ಮುದುಕಿಗೆ ಒಂದು ಸಲ ಕಣ್ಣು ಕತ್ತಲಾದರೆ ಸಾಕು, ತೊಡೆಯ ಎಲುಬು ಹೋಯಿತು. "ವಯಸ್ಸಾತು, ಬಿದ್ಲು" ಎನ್ನುತ್ತಾರೆ ಮನೆಯವರು. ಹಿಂದಿನ ವಾರವಷ್ಟೇ ಗುಳಿಗೆ 75ರಿಂದ 150ಕ್ಕೆ ಏರಿತ್ತು ಎಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ.

ಅಂಗಡಿಕಾರನಿಗೆ ಬೇರೆ ತರಹ. ಲೆಕ್ಕ ತಪ್ಪುತ್ತದೆ, ಗಿರಾಕಿಯ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಕಣ್ಣು ಮಂಜು ಮಂಜು. ಮೋಟಾರ್ ಸೈಕಲ್ಲು, ಟ್ರ್ಯಾಕ್ಟರ್ ನಡೆಸುವವರಿಗೆ ಇದು ಪ್ರಾಣದ ಮಾತು. ಗುಳಿಗೆ ಹೊಸದಾಗಿ ಶುರುಮಾಡಿದಾಗ, ಪ್ರಮಾಣ ಏರಿಸಿದಾಗ, ಮೈಗೆ ಅದು ಹೇಗೆ ಹಿಡಿಸಿತೆಂದು ತಿಳಿಯುವ ತನಕ ಗಾಡಿ ಮುಟ್ಟಬಾರದು.

ಮೈತೂಕ ಏರುವುದು, ಬಾಯಿ ಒಣಗುವುದು, ಮಲಬದ್ಧತೆ, ಪಾದ ಬಾವು ಇವೂ ಇದರ ಪರಿವಾರವೇ. ಸಕ್ಕರೆಗೆಂದು ಪಿಯೊಗ್ಲಿಟಜೋನ್, ರಕ್ತದೊತ್ತಡಕ್ಕೆಂದು ಆಮ್ಲೋಡಿಪಿನ್ ತಗೊಳ್ಳುವವರ ಪಾದ ಮೊದಲೇ ಬಾಯುವ ಸಂಭವ ಇರುತ್ತದೆ. ಅದರ ಮೇಲೆ ಇದೂ ಸೇರಿದರೆ ಚಪ್ಪಲಿ ಕಾಲಿಗೆ ಹತ್ತುವುದಿಲ್ಲ. ಬಾವಿಗೆಂದು ಮತ್ತೊಂದು ಗುಳಿಗೆ ಕೇಳುವ ಮೊದಲು ಇರುವ ಎಲ್ಲ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ ಮೂತ್ರಪಿಂಡ. ನುಂಗಿದ ಪ್ರೀಗ್ಯಾಬಲಿನ್ ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರದ ಮೂಲಕವೇ ಹೊರಗೆ ಹೋಗಬೇಕು. ಹಳೆಯ ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಸೋತಿದ್ದರೆ ಇಂದಿನ ಗುಳಿಗೆ ಹೋಗುವ ಮೊದಲೇ ನಾಳಿನದು ಬಂದು ಕೂಡುತ್ತದೆ. ಕ್ರಿಯಾಟಿನಿನ್ ಪರೀಕ್ಷೆ ನೋಡಿ ಪ್ರಮಾಣ ಇಳಿಸಬೇಕು ಎಂಬುದು ನಿಯಮ. ಪಕ್ಕದ ಮನೆಯವನ ಪಟ್ಟಿ ಹರಿದು ನುಂಗುವವನಿಗೆ ಈ ಪರೀಕ್ಷೆ ಮಾಡುವವರಾರು?

ಸಂಜೆ ಒಂದು ಕ್ವಾರ್ಟರ್ ಹಾಕಿ ಮೇಲೆ ಈ ಗುಳಿಗೆ ನುಂಗುವವರು, ಟ್ರಮಡಾಲ್‌ನಂಥ ಬಿರುಸಿನ ನೋವಿನ ಗುಳಿಗೆ ಜೊತೆಗೂಡಿಸುವವರು ಇನ್ನೊಮ್ಮೆ ಯೋಚಿಸಬೇಕು. ವಯಸ್ಸಾದವರಲ್ಲಿ, ದಮ್ಮಿನವರಲ್ಲಿ, ಇಂಥ ಜೋಡಿಯಲ್ಲಿ ಉಸಿರಾಟವೇ ಕುಂದಬಹುದೆಂದು ಅಮೆರಿಕೆಯ ಔಷಧ ಇಲಾಖೆ 2019ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಚಟವಾಗುವ ಭಯದಿಂದ ಬ್ರಿಟನ್ನು ಅದೇ ವರ್ಷ ಏಪ್ರಿಲ್ 1ರಿಂದ ಇವೆರಡನ್ನೂ ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಗರ್ಭಿಣಿಯರು ಮತ್ತು ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ವೈದ್ಯರಿಗೆ ಮೊದಲೇ ಹೇಳಲೇಬೇಕು.

ಬಿಡುವುದಲ್ಲ, ಬಿಟ್ಟುಹೋಗುವುದು

ಇಷ್ಟು ಓದಿದವರು ಇಂದೇ ರಾತ್ರಿ ಪಟ್ಟಿಯನ್ನು ಗಟಾರಕ್ಕೆ ಎಸೆದರೆ ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಈ ಗುಳಿಗೆಯನ್ನು ದಿಢೀರನೆ ನಿಲ್ಲಿಸಬಾರದು.

ಆದರೆ ನಮ್ಮ ಭಾಗದಲ್ಲಿ ಇದನ್ನು ಯೋಚಿಸಿ ನಿಲ್ಲಿಸುವವರು ಕಡಿಮೆ. ಅದು ತಾನಾಗಿ ನಿಂತುಹೋಗುತ್ತದೆ. ಭಾರತ ಹುಣ್ಣಿಮೆಗೆ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕುಟುಂಬ ಬುತ್ತಿ ಕಟ್ಟುತ್ತದೆ, ಭಂಡಾರ ಕಟ್ಟುತ್ತದೆ, ಗುಳಿಗೆಯ ಪಟ್ಟಿ ಮಾತ್ರ ಮನೆಯ ಮಾಡದಲ್ಲೇ ಉಳಿಯುತ್ತದೆ. ನೇಕಾರನಿಗೆ ಈ ವಾರದ ಮಜೂರಿ ಸಿಗಲಿಲ್ಲ, ಪಟ್ಟಿ ಮುಂದಿನ ವಾರಕ್ಕೆ ಹೋಯಿತು. ಮಲಪ್ರಭೆಗೆ ನೀರು ಬಂದು ರಸ್ತೆ ಕಟ್ಟಾಯಿತು, ಪೇಟೆಗೆ ಬರಲಾಗಲಿಲ್ಲ. ಇಲ್ಲವೇ ಉರಿ ಸ್ವಲ್ಪ ಇಳಿದಿತ್ತು, "ಇನ್ನ ಸಾಕು" ಎಂದು ಕೈಬಿಟ್ಟರು.

ಒಂದೆರಡು ದಿನದಲ್ಲಿ ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ. ಮೈ ಬೆವರುತ್ತದೆ. ತಲೆನೋವು, ವಾಕರಿಕೆ, ಬೇಧಿ, ಎದೆ ಡವಡವ, ಕಾರಣವಿಲ್ಲದ ಕಳವಳ, ಸಿಟ್ಟು. ಕೆಲವರಿಗೆ, ಅದರಲ್ಲೂ ಮೂರ್ಛೆರೋಗದ ಚರಿತ್ರೆ ಇದ್ದವರಿಗೆ, ಸೆಳವು ಬರಬಹುದು. ಹಳೆಯ ಉರಿ ಬಡ್ಡಿ ಸಮೇತ ಹಿಂದಿರುಗುತ್ತದೆ. ಗುಡ್ಡದಲ್ಲಿ "ದೇವಿ ಮುನಿದಳು" ಎನ್ನುತ್ತಾರೆ. ಮನೆಯಲ್ಲಿ "ರೋಗ ಜಾಸ್ತಿ ಆತು" ಎನ್ನುತ್ತಾರೆ. ಮರಳಿ ಬಂದವರು ಅಂಗಡಿಗೆ ಓಡಿ ಒಂದರ ಬದಲು ಎರಡು ನುಂಗುತ್ತಾರೆ. ಹೀಗೆ ಹತ್ತುವುದೂ ದಿಢೀರ್, ಬೀಳುವುದೂ ದಿಢೀರ್. ದೇವಿಯ ತಪ್ಪೂ ಅಲ್ಲ, ರೋಗದ ತಪ್ಪೂ ಅಲ್ಲ. ಒಮ್ಮೆಲೇ ಕೈಬಿಟ್ಟ ಗುಳಿಗೆಯ ತಪ್ಪು.

ಮನಸ್ಸು ಕುಗ್ಗುವುದನ್ನೂ ಹಗುರವಾಗಿ ತಗೊಳ್ಳುವಂತಿಲ್ಲ. ಮೂರ್ಛೆರೋಗದ ಔಷಧಿಗಳ ಇಡೀ ಗುಂಪಿನ ಬಗ್ಗೆ ಅಮೆರಿಕೆಯ ಇಲಾಖೆ 2008ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಮನೆಯವರ ನಡವಳಿಕೆ ಬದಲಾದರೆ, ಬದುಕು ಬೇಡ ಎಂಬ ಮಾತು ಬಂದರೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಫೋನು ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ

ಹಾಗಾದರೆ ಇಳಿಯುವುದು ಹೇಗೆ? ಎಲ್ಲಮ್ಮನ ಗುಡ್ಡ ಇಳಿದಂತೆ, ಒಂದೊಂದೇ ಮೆಟ್ಟಿಲು. ಪ್ರೀಗ್ಯಾಬಲಿನ್ ಅನ್ನು ಕನಿಷ್ಠ ಒಂದು ವಾರದ ಅವಧಿಯಲ್ಲಿ ಇಳಿಸಬೇಕೆಂದು ತಯಾರಕರ ಸೂಚನೆಯಲ್ಲೇ ಇದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2014ರಲ್ಲಿ ವೈದ್ಯರಿಗೆ ಕೊಟ್ಟ ಸಲಹೆ ಇನ್ನೂ ಸ್ಪಷ್ಟ: ಪ್ರೀಗ್ಯಾಬಲಿನ್‌ನ ದಿನದ ಪ್ರಮಾಣವನ್ನು ವಾರಕ್ಕೆ ಹೆಚ್ಚೆಂದರೆ 50ರಿಂದ 100 ಮಿಲಿಗ್ರಾಂ, ಗ್ಯಾಬಪೆಂಟಿನ್ ಆದರೆ ನಾಲ್ಕು ದಿನಕ್ಕೆ ಹೆಚ್ಚೆಂದರೆ 300 ಮಿಲಿಗ್ರಾಂ ಇಳಿಸಬೇಕು. ಇದು ಓಟದ ಮಿತಿ, ನಡಿಗೆ ಇದಕ್ಕಿಂತ ನಿಧಾನವಾದರೂ ನಡೆಯುತ್ತದೆ. ವರ್ಷಗಟ್ಟಲೆ ತಗೊಂಡವರಿಗೆ ನಿಧಾನವೇ ಒಳ್ಳೆಯದು.

ಒಂದು ಉದಾಹರಣೆ. ಬೆಳಿಗ್ಗೆ 75, ರಾತ್ರಿ 75, ಹೀಗೆ ದಿನಕ್ಕೆ 150 ತಗೊಳ್ಳುವವರು ವಾರಕ್ಕೆ 25ರಂತೆ ಇಳಿದರೆ 125, 100, 75, 50, 25 ಎಂದು ಐದು ವಾರ ಕಳೆದು ಆರನೆಯ ವಾರಕ್ಕೆ ಸೊನ್ನೆಗೆ ಬರುತ್ತಾರೆ. ಯಾವುದಾದರೂ ಮೆಟ್ಟಿಲಿನಲ್ಲಿ ನಿದ್ದೆಗೆಟ್ಟು ಕಳವಳವಾದರೆ ಅಲ್ಲೇ ಇನ್ನೊಂದು ವಾರ ನಿಲ್ಲಬಹುದು. ಇದು ವೈದ್ಯರ ಮುಂದೆ ಇಟ್ಟು ಕೇಳಬೇಕಾದ ಲೆಕ್ಕವೇ ಹೊರತು ಪತ್ರಿಕೆ ಬರೆದುಕೊಟ್ಟ ಚೀಟಿಯಲ್ಲ. ಮೂರ್ಛೆರೋಗಕ್ಕೆ ತಗೊಳ್ಳುವವರಂತೂ ವೈದ್ಯರಿಲ್ಲದೆ ಒಂದು ಮಿಲಿಗ್ರಾಂ ಕೂಡ ಇಳಿಸಬಾರದು.

ತೊಡಕು ಇರುವುದು ಇಲ್ಲಿಯೇ. ಜೋಡು ಔಷಧಿಯ ಪಟ್ಟಿಯಿಂದ ಇಳಿಯಲು ಮೆಟ್ಟಿಲೇ ಇಲ್ಲ. ಕ್ಯಾಪ್ಸೂಲನ್ನು ಚಾಕುವಿನಿಂದ ಎರಡು ಹೋಳು ಮಾಡಲಾಗುವುದಿಲ್ಲ. ಎಸ್‌ಆರ್, ಇಆರ್ ಎಂದು ಬರೆದ ನಿಧಾನದ ಗುಳಿಗೆ ಮುರಿದರೆ ಇಡೀ ದಿನದ ಔಷಧಿ ಒಮ್ಮೆಲೇ ಹೊಟ್ಟೆಗೆ ಇಳಿಯುತ್ತದೆ. ಕೆಲವು ಪಟ್ಟಿಗಳಲ್ಲಿ ನಾರ್ಟ್ರಿಪ್ಟಿಲಿನ್ ಎಂಬ ಇನ್ನೊಂದು ಔಷಧಿಯೂ ಸೇರಿರುತ್ತದೆ. ಅದನ್ನೂ ಒಮ್ಮೆಲೇ ಬಿಡುವಂತಿಲ್ಲ. ಆದ್ದರಿಂದ ಇಳಿಸುವಾಗ ವೈದ್ಯರು ಬರೀ ಪ್ರೀಗ್ಯಾಬಲಿನ್ ಇರುವ 25 ಅಥವಾ 50ರ ಸಣ್ಣ ಕ್ಯಾಪ್ಸೂಲು ಬೇರೆಯಾಗಿ ಬರೆದುಕೊಡಬೇಕಾಗುತ್ತದೆ. ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: "ಅದು ಇಲ್ರೀ, 75 ಐತಿ, ಕೊಡ್ಲೇನ್ರಿ?"

ಯಾರು ಏನು ಮಾಡಬೇಕು

ಕಾನೂನು ಇಲ್ಲವೆಂದಲ್ಲ. ಔಷಧ ನಿಯಮಗಳು 1945ರಿಂದ ಇವೆ. ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಿಯನ್ನು, ಮತ್ತೆ ಕೊಡಬಹುದೆಂದು ವೈದ್ಯರು ಬರೆಯದ ಹೊರತು, ಒಂದೇ ಚೀಟಿಯ ಮೇಲೆ ಎರಡನೆಯ ಸಲ ಕೊಡುವಂತಿಲ್ಲ ಎಂದು ಅವು ಹೇಳುತ್ತವೆ. ಇಲ್ಲಿ ಚೀಟಿಯೇ ಬೇಕಿಲ್ಲ, ಖಾಲಿ ಪಟ್ಟಿಯ ತುಂಡು ತೋರಿಸಿದರೆ ಸಾಕು ಎಂಬಂತಾಗಿದೆ.

ಎಲ್ಲ ತಪ್ಪನ್ನೂ ಔಷಧಿ ಅಂಗಡಿಯವರ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ತಾನು ಇಲ್ಲವೆಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಚೀಟಿ ತಾ ಎಂದರೆ "ಬೆಳಗಾವಿಗೆ ಹೋಗಿ ಬರಾಕ ಒಂದು ದಿನದ ಪಗಾರ ನೀವು ಕೊಡ್ತೀರೇನು?" ಎಂದು ಕೇಳುತ್ತಾನೆ. ಆ ಪ್ರಶ್ನೆಯಲ್ಲಿಯೂ ಸತ್ಯವಿದೆ. ಮೇಲಾಗಿ, ಎರಡು ವರ್ಷ ನುಂಗಿದವನಿಗೆ ಒಂದು ದಿನ ಥಟ್ಟನೆ "ಇಲ್ಲ" ಎಂದರೆ ಮೇಲೆ ಹೇಳಿದ ಸಂಕಟವೇ ಗತಿ. ಬರೀ ಬಿಗಿ ಮಾಡಿದರೆ ಸಾಲದು, ದಾರಿ ಮಾಡಿಕೊಡಬೇಕು.

ದಾರಿ ಬಹಳ ದೊಡ್ಡದೇನೂ ಅಲ್ಲ. ವೈದ್ಯರು ಗುಳಿಗೆ ಬರೆದ ದಿನವೇ ಚೀಟಿಯಲ್ಲಿ ಒಂದು ಸಾಲು ಹೆಚ್ಚು ಬರೆಯಲಿ: ಎಷ್ಟು ವಾರದ ಮೇಲೆ ಮತ್ತೆ ತೋರಿಸಬೇಕು, ಗುಣವಾಗದಿದ್ದರೆ ಹೇಗೆ ಇಳಿಸಬೇಕು. ಅದನ್ನು ಕನ್ನಡದಲ್ಲಿ ಬರೆದರೆ ಇನ್ನೂ ಪುಣ್ಯ. ಔಷಧಿ ಅಂಗಡಿಯವರು ಪಟ್ಟಿ ಕೊಡುವಾಗ "ಎಷ್ಟು ದಿನ ಆತ್ರೀ ತಗೊಳ್ಳಾಕತ್ತು?" ಎಂದು ಒಂದು ಮಾತು ಕೇಳಲಿ, 25 ಮತ್ತು 50ರ ಪಟ್ಟಿಗಳನ್ನೂ ತರಿಸಿ ಇಡಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸರಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ., ಸಕ್ಕರೆ ತಪಾಸಣೆಗೆ ಬಂದವರನ್ನು ಈ ಗುಳಿಗೆಯ ಬಗ್ಗೆಯೂ ಕೇಳುವ ವ್ಯವಸ್ಥೆಯಾದರೆ, ಕಿತ್ತೂರು ಕಡೆಯ ಹಳ್ಳಿಯವರು ಬೆಳಗಾವಿ, ಧಾರವಾಡಕ್ಕೆ ಅಲೆಯುವುದು ತಪ್ಪೀತು.

ಗುಳಿಗೆ ತಗೊಳ್ಳುವವರ ಪಾಲಿನ ಕೆಲಸವೂ ಇದೆ. ಹಳೆಯ ಚೀಟಿ ಜೋಪಾನ ಮಾಡುವುದು. ಜಾತ್ರೆಗೆ, ಮದುವೆಗೆ, ಊರಿಗೆ ಹೊರಟಾಗ ದಿನದ ಲೆಕ್ಕಕ್ಕಿಂತ ನಾಲ್ಕು ಗುಳಿಗೆ ಹೆಚ್ಚು ಕಟ್ಟಿಕೊಳ್ಳುವುದು. ಪಟ್ಟಿಯಲ್ಲಿ ಕಡೆಯ ಗುಳಿಗೆ ಉಳಿಯುವ ತನಕ ಕಾಯದಿರುವುದು. ತನ್ನ ಗುಳಿಗೆಯನ್ನು ಇನ್ನೊಬ್ಬರಿಗೆ ಹಂಚದಿರುವುದು. ಸಾಕೆನಿಸಿದರೆ ತಾನೇ ನಿಲ್ಲಿಸದೆ, "ಇದನ್ನ ಹೆಂಗ ಇಳಿಸಬೇಕ್ರಿ?" ಎಂದು ವೈದ್ಯರನ್ನು ನಾಚಿಕೆಯಿಲ್ಲದೆ ಕೇಳುವುದು.

ಓಡುವ ಬಸ್ಸಿನಿಂದ ಜಿಗಿಯಬಾರದೆಂದು ಈ ಭಾಗದ ಪ್ರತಿ ಮಗುವಿಗೂ ಗೊತ್ತು. ಇಳಿಯಬೇಕೆಂದರೆ ಗಾಡಿ ನಿಧಾನವಾಗಬೇಕು, ನಿಲ್ಲಬೇಕು. ಅದಕ್ಕೆ ಕಂಡಕ್ಟರ್ ಸೀಟಿ ಊದಬೇಕು. ಗುಳಿಗೆಯ ಗಾಡಿಯಲ್ಲಿ ಎಷ್ಟೋ ಮಂದಿ ತಮ್ಮ ಊರು ದಾಟಿ ಬಹಳ ದೂರ ಬಂದುಬಿಟ್ಟಿದ್ದಾರೆ. ಸೀಟಿ ಕೈಯಲ್ಲಿ ಇರುವವರು ಇನ್ನಾದರೂ ಊದುವರೇ?